ಭಾವನ ಅತ್ತರಿನ ಕರವಸ್ತ್ರ

ಬಿಳಿಯ ಕರವಸ್ತ್ರವನ್ನು ನಾಲ್ಕಾಗಿ ಮಡಚಿ, ಒಂದು ಮೂಲೆಗೆ ಮಲ್ಲಿಗೆಯ ಅತ್ತರು ಸವರಿ, ನನ್ನನ್ನು ಕಂಡೊಡನೆ ಅದನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು ನನ್ನ ಅಕ್ಕನ ಗಂಡ. ವಿಜಯವಾಡದ ಬೆಂಜ್ ಸರ್ಕಲ್ಲಿನಲ್ಲಿ ಅವರದು ಔಷಧಿಯ ಅಂಗಡಿ. ನಾನು ವಿಶಾಖಪಟ್ಟಣದ ದುವ್ವಾಡದ ಬಳಿಯ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಸಿಗಡಿಯ ಸಿಪ್ಪೆಯಿಂದ ಸುಣ್ಣವನ್ನೂ ಮಾಂಸದಂಶವನ್ನೂ ಕಳೆದು, ಉಳಿದುದನ್ನು ಆಮ್ಲದಲ್ಲಿ ಬೇಯಿಸಿ, ಗ್ಲೂಕೋಸಮೈನ್ ಎಂಬ ಬಿಳಿಯ ಹರಳು ತೆಗೆಯುತ್ತಿದ್ದೆವು. ಕೀಲುನೋವಿನವರಿಗೆಂದು ಅದನ್ನು ಕ್ಯಾಪ್ಸೂಲುಗಳಲ್ಲಿ ತುಂಬುತ್ತಿದ್ದೆವು. ಹರಳಿಗೆ ವಾಸನೆಯಿರಲಿಲ್ಲ, ಅದೆಲ್ಲ ನಮ್ಮ ಮೈಗೆ ಉಳಿಯುತ್ತಿತ್ತು. ಆ ಕ್ಯಾಪ್ಸೂಲುಗಳನ್ನು ಮಾರಿಯೇ ಭಾವ ಅಂಗಡಿಯ ಮೇಲೆ ಮಹಡಿ ಕಟ್ಟಿಸಿದರು.

ತೊಂಬತ್ತರ ದಶಕದ ನಡುವೆ ಅವರ ಮಗಳ ನಿಶ್ಚಿತಾರ್ಥ. ಎರಡು ಸಲ ಸ್ನಾನ ಮಾಡಿ, ಮಂಗಳಗಿರಿಯ ಹೊಸ ಪಂಚೆಯುಟ್ಟು ಪಂಕ್ತಿಯಲ್ಲಿ ಕುಳಿತಿದ್ದೆ. ಎಲೆಗೆ ತೊವ್ವೆ ಬಿದ್ದಾಗಿತ್ತು. ಭಾವ ಬಂದು, ಕರವಸ್ತ್ರದ ಹಿಂದಿನಿಂದಲೇ, ಎಲ್ಲರಿಗೂ ಕೇಳುವಂತೆ ಹೇಳಿದರು:

“ಏಮಯ್ಯಾ ಭಾವಮೈದ, ನೀನು ಏಳು. ಸಿಗಡಿ ಬುಟ್ಟಿ ಪಕ್ಕ ಕೂತು ದೊಡ್ಡವರು ಹೇಗೆ ಊಟ ಮಾಡ್ತಾರೆ?”

ಪಂಕ್ತಿ ನಕ್ಕಿತು. ಎದ್ದೆ. ಅಷ್ಟರಲ್ಲಿ ಹುಡುಗನ ತಾತ, ಈರುಳ್ಳಿಯನ್ನೂ ಮುಟ್ಟದ ವೃದ್ಧರು, ಮೊಣಕಾಲು ಸವರಿಕೊಳ್ಳುತ್ತ ಭಾವನನ್ನು ಕೇಳಿದರು: “ನಿಮ್ಮ ಮಾತ್ರೆಯಿಂದಲೇ ನಡೀತಿದ್ದೀನಂಡಿ. ಯಾವುದರಿಂದ ಮಾಡ್ತಾರೆ ಅದನ್ನ?”

“ಸಮುದ್ರದ ಮೂಲಿಕೆ, ತಾತಗಾರು,” ಎಂದರು ಭಾವ.

ನಾನು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

“ಬೇಡ ಕಣೋ. ಹುಡುಗಿ ಮದುವೆ ವಿಷಯ.”

ಆ ಹುಡುಗಿಗಾಗಿ ನುಂಗಿಕೊಂಡೆ. ಭಾವನನ್ನು ಕ್ಷಮಿಸಲಿಲ್ಲ.

ಕೆಲವು ವರ್ಷಗಳಲ್ಲಿ ಭಾವನ ಮೊಣಕಾಲುಗಳೇ ಹಿಡಿದುಕೊಂಡವು. ಅಂಗಡಿಯನ್ನು ಮಾರಿ ಮನೆಯಲ್ಲೇ ಕುಳಿತಿದ್ದರು. ಕ್ಯಾಪ್ಸೂಲುಗಳನ್ನು ನಾನೇ ಒಯ್ಯುತ್ತಿದ್ದೆ. ಕೊಡುವ ಮೊದಲು ಪ್ರತಿ ಸಲವೂ ಕೇಳುತ್ತಿದ್ದೆ:

“ಯಾವುದರಿಂದ ಮಾಡಿದ್ದು, ಭಾವ?”

“ಸಿಗಡಿ ಸಿಪ್ಪೆ,” ಎಂದು ಗೊಣಗುತ್ತಿದ್ದರು.

“ಕೇಳಿಸಲಿಲ್ಲ.”

“ಸಿಗಡಿ ಸಿಪ್ಪೆ ಕಣಯ್ಯಾ! ಬೀದಿಗೂ ಕೇಳಿಸಲಾ?”

ಆಮೇಲೆಯೇ ಡಬ್ಬಿ ಅವರ ಕೈಗೆ.

ಅವರು ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ನಾನು ಸ್ನಾನ ಮಾಡಲಿಲ್ಲ. ಕಾರ್ಖಾನೆಯ ಅಂಗಿಯಲ್ಲೇ ದುವ್ವಾಡದಲ್ಲಿ ರೈಲು ಹತ್ತಿದೆ. ಬಂದು ಮೊದಲ ಪಂಕ್ತಿಯ ಮೊದಲ ಎಲೆಗೆ ಕುಳಿತೆ. ಪಕ್ಕದವರು ಮುಖ ಹೊರಳಿಸಿದರು. ಅಕ್ಕ ನನ್ನನ್ನು ಒಂದು ಕ್ಷಣ ನೋಡಿದಳು. ತಾನೇ ಬಂದು ತೊವ್ವೆ ಬಡಿಸಿದಳು.

ಎದುರಿನ ಗೋಡೆಯ ಚಿತ್ರಪಟದಲ್ಲಿ, ಭಾವನ ಜೇಬಿನಿಂದ ಆ ಕರವಸ್ತ್ರ ಇಣುಕುತ್ತಿತ್ತು. ಅದನ್ನು ಮೂಗಿಗೇರಿಸಲು ಈಗ ಅವರಿಂದಾಗದು. ಅವರನ್ನೇ ನೋಡುತ್ತ, ಎರಡನೆಯ ಸಲವೂ ಬಡಿಸಿಕೊಂಡು, ನಿಧಾನವಾಗಿ ಉಂಡೆ.