ಮ್ಯಾಚಿಂಗ್ ಅಂಕಲ್ ಅಂದಿದ್ದು

ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಕೌಂಟರಿನ ಮೇಲೆ ಎರಡೂ ಕೈಗಳನ್ನು ಊರಿ ನಿಂತಾಗ ಅದು ಎದ್ದು ಕಾಣುತ್ತಿತ್ತು. ಹೊಸಬರು ಯಾವುದೋ ಹಳೆಯ ಸುಟ್ಟ ಗಾಯ ಎಂದುಕೊಳ್ಳುತ್ತಿದ್ದರು. ಅದು ಬಿಸಿಲು ಮಾಡಿದ ಕೆಲಸ. ಯಾರಾದರೂ ಸೀರೆ ತಂದು ಅದಕ್ಕೆ ಹೊಂದುವ ಬ್ಲೌಸ್ ಬಟ್ಟೆ ಕೇಳಿದರೆ, ಅವರು ಕಪಾಟಿನಿಂದ ಥಾನು ಇಳಿಸಿ, ಸೀರೆಯ ಸೆರಗನ್ನೂ ಬಟ್ಟೆಯ ತುದಿಯನ್ನೂ ಒಟ್ಟಿಗೆ ಬಲಗೈಯ ಮೇಲೆ ಹಾಸಿಕೊಂಡು ಮೆಟ್ಟಿಲಿಳಿದು ಫುಟ್‌ಪಾತಿಗೆ ಬರುತ್ತಿದ್ದರು. ಕೈ ಚಾಚಿ ಬಿಸಿಲಲ್ಲಿ ನಿಲ್ಲುತ್ತಿದ್ದರು.

“ಟ್ಯೂಬ್‌ಲೈಟ್ ಸುಳ್ಳು ಹೇಳತ್ತೆ ಮೇಡಂ. ಈಗ ನೋಡಿ.”

ಬನಶಂಕರಿಯ ಒಂದು ಒಳರಸ್ತೆಯಲ್ಲಿ ಯಾವುದೋ ಟ್ರಸ್ಟಿಗೆ ಸೇರಿದ ಹಳೆಯ ಮಳಿಗೆಗಳ ಸಾಲಿತ್ತು. ಅದನ್ನು ಎಲ್ಲರೂ ಮಾರ್ಕೆಟ್ಟು ಎನ್ನುತ್ತಿದ್ದರು. ಅಲ್ಲಿ ಅವರದು ಮ್ಯಾಚಿಂಗ್ ಸೆಂಟರ್. ಬ್ಲೌಸ್ ಬಟ್ಟೆ, ಲೈನಿಂಗ್, ಸೀರೆಯ ಫಾಲ್, ಲಂಗದ ಲಾಡಿ. ಹಾಗಾಗಿ ಅವರು ಇಡೀ ಬಡಾವಣೆಗೆ ಮ್ಯಾಚಿಂಗ್ ಅಂಕಲ್. ಅವರ ಹೆಂಡತಿ ಒಳಗಡೆ ಸ್ಟೂಲಿನ ಮೇಲೆ ಕೂತು ಬಟ್ಟೆ ಅಳೆದು ಕತ್ತರಿಸುತ್ತಿದ್ದರು. ಅವರು ಎಲ್ಲರಿಗೂ ಆಂಟಿ.

ಅವರ ಅಂಗಡಿಯಲ್ಲಿ ‘ಇಲ್ಲ’ ಎಂಬ ಮಾತು ಇರಲಿಲ್ಲ. ಬೆಳಿಗ್ಗೆ ಲಕ್ಷ್ಮಿಯ ಪಟದ ಮುಂದೆ ದೀಪ ಹಚ್ಚಿದ ಮೇಲೆ ಅಂಕಲ್ ಆ ಪದವನ್ನು ಆಡುತ್ತಿರಲಿಲ್ಲ, ‘ಬೇಡ’ ಎಂದೂ ಅನ್ನುತ್ತಿರಲಿಲ್ಲ. ಸಂಜೆ ಅಂಗಡಿ ಮುಚ್ಚುವುದಕ್ಕೂ ‘ಬಾಗಿಲು ಮುಂದೆ ಮಾಡೋದು’ ಎಂದೇ ಹೇಳಬೇಕು. “ಅಸ್ತು ದೇವತೆಗಳು ಓಡಾಡ್ಕೊಂಡಿರ್ತಾರಮ್ಮ. ನಾವು ಇಲ್ಲ ಅಂದ್ರೆ ಅವ್ರು ಅಸ್ತು ಅಂದ್ಬಿಡ್ತಾರೆ. ಆಮೇಲೆ ನಿಜವಾಗ್ಲೂ ಏನೂ ಇರಲ್ಲ.” ಕೇಳಿದ ಬಣ್ಣ ಮುಂದಿನ ಲೋಡಿನಲ್ಲಿ ಬರುವುದಿದ್ದರೆ ‘ಬರುತ್ತೆ’ ಎನ್ನುತ್ತಿದ್ದರು. ಬರುವುದೇ ಇಲ್ಲವಾದರೆ ‘ನೋಡೋಣ’ ಎನ್ನುತ್ತಿದ್ದರು. ಹಳೆಯ ಗಿರಾಕಿಗಳು ‘ನೋಡೋಣ’ ಎಂದು ಕೇಳಿದೊಡನೆ ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ನಗುತ್ತ ಹೊರಡುತ್ತಿದ್ದರು.

ನನಗೆ ಇದು ಗೊತ್ತಿರಲಿಲ್ಲ. ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದೆವು. ನನ್ನ ಹತ್ತಿರ ಪಿಕೊ ಮೆಷಿನ್ ಇತ್ತು, ಸೀರೆಗೆ ಫಾಲ್ ಹಚ್ಚಿ ಅಂಚು ಹೊಲಿಯುವ ಕೆಲಸ ಬರುತ್ತಿತ್ತು, ಆದರೆ ಕೂರಲು ಜಾಗವಿರಲಿಲ್ಲ. ಕೇಳಿದ ಕಡೆಯೆಲ್ಲ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎಂದಿದ್ದರು. ಅಂಕಲ್ ಮಾತ್ರ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ನೋಡೋಣಮ್ಮ” ಎಂದರು. ಮರುದಿನ ಬೆಳಿಗ್ಗೆ ನಾನು ಆಟೋದಲ್ಲಿ ಮೆಷಿನ್ ಹೇರಿಕೊಂಡು ಬಂದು ಅಂಗಡಿಯ ಮುಂದೆ ಇಳಿದೆ.

ಅಂಕಲ್ ಹೆಂಡತಿಯ ಮುಖ ನೋಡಿದರು. ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೆಟ್ಟಿಲ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಹೂ ಕಟ್ಟುತ್ತಿದ್ದ ಹೂವಿನವಳು ಜೋರಾಗಿ ನಕ್ಕಳು. “ಅಂಕಲ್, ಮದ್ವೆ ಮಾತಿಗೂ ನೋಡೋಣ ಅಂತಾನೇ ಅಂದಿದ್ರಾ?”

“ಅಂದಿದ್ದೆ ಕಣೇ. ಅವರಪ್ಪ ಹೂಂ ಅಂದ್ಕೊಂಡ್ರು.”

“ಈಗೇನು ಕಮ್ಮಿ ಆಗಿದೆ ನಿಮಗೆ?” ಎಂದರು ಒಳಗಿನಿಂದ ಆಂಟಿ.

ಅಂಕಲ್ ಬಾಗಿಲಲ್ಲಿದ್ದ, ಬ್ಲೌಸ್ ತೊಡಿಸಿದ ಬೊಂಬೆಯನ್ನು ಆಚೆಗೆ ಸರಿಸಿ ನನ್ನ ಮೆಷಿನ್ನಿಗೆ ಜಾಗ ಮಾಡಿಕೊಟ್ಟರು. ಅವರು ನನಗೆ ಜಾಗ ಕೊಡುವುದಿಲ್ಲ ಎಂದಿದ್ದರೆಂಬುದು ಆಂಟಿ ಹೇಳಿದ ಮೇಲಷ್ಟೇ ನನಗೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಮಳೆಗಾಲ ಕಳೆದಿತ್ತು, ನನ್ನ ಹೆಸರಲ್ಲಿ ಗಿರಾಕಿಗಳು ಬರತೊಡಗಿದ್ದರು.

ನಾನು ಬಂದ ಹೊಸದರಲ್ಲಿ ಮಾರ್ಕೆಟ್ಟು ಸಾಯುತ್ತಿತ್ತು. ಅರ್ಧ ಶೆಟರ್‌ಗಳು ಮೇಲೇಳುತ್ತಿರಲಿಲ್ಲ. ಅವುಗಳ ಮೇಲೆ ಟ್ಯೂಷನ್ನಿನ ಪೋಸ್ಟರು, ಕೆಳಗೆ ನಾಯಿಗಳು. ಫುಟ್‌ಪಾತಿನ ಚಪ್ಪಡಿ ಕುಸಿದು ಒಬ್ಬ ಮುದುಕಿ ಬಿದ್ದ ಮೇಲೆ ಆ ಬದಿಯಲ್ಲಿ ಯಾರೂ ನಡೆಯುತ್ತಿರಲಿಲ್ಲ. ಜನ ಫೋನಿನಲ್ಲೇ ಬಟ್ಟೆ ತರಿಸಿಕೊಳ್ಳುತ್ತಿದ್ದರು, ಉಳಿದವರು ಜಯನಗರಕ್ಕೆ ಹೋಗುತ್ತಿದ್ದರು. ಅಂಕಲ್ ಒಂದು ದಿನ ಕೈಯಲ್ಲಿ ಪೊರಕೆ ಹಿಡಿದು, ಮುಚ್ಚಿದ ಅಂಗಡಿಗಳ ಮುಂದಿನ ಕಸವನ್ನೂ ಗುಡಿಸತೊಡಗಿದರು. ಪಾತ್ರೆ ಅಂಗಡಿಯವನು ಹಂಗಿಸಿದ: “ಏನ್ ಅಂಕಲ್, ಎಲೆಕ್ಷನ್‌ಗೆ ನಿಲ್ತೀರಾ?” ಅಂಕಲ್ ಅವನ ಕೈಗೂ ಒಂದು ಪೊರಕೆ ಕೊಟ್ಟರು.

ಚಪ್ಪಡಿ ಸರಿಮಾಡಿಸಿದರು. ಶೆಟರ್‌ಗಳಿಗೆ ಬಣ್ಣ ಬಳಿಸಿದರು. ಶುಕ್ರವಾರದ ಸಂಜೆ ಎಲ್ಲರೂ ಸಾಮಾನನ್ನು ಬಾಗಿಲಾಚೆ ಇಟ್ಟು, ದೀಪದ ಸರ ಹಾಕಿ ಕಾಯಬೇಕು ಎಂಬ ಪದ್ಧತಿ ತಂದರು. ಮೊದಮೊದಲು ಕಾದಿದ್ದೇ ಬಂತು. ಆಮೇಲೆ ಶ್ರಾವಣದಲ್ಲಿ ಹೆಂಗಸರು ಬಂದರು, ಕುಮಾರಸ್ವಾಮಿ ಲೇಔಟಿನಿಂದ, ಗಿರಿನಗರದಿಂದ. ಬಳೆ ತೊಟ್ಟುಕೊಂಡು, ಹೂ ಕೊಂಡು, ಸೀರೆಯನ್ನು ನನ್ನ ಹತ್ತಿರ ಬಿಟ್ಟು ಕಾಫಿ ಕುಡಿಯಲು ಹೋಗುತ್ತಿದ್ದರು. ಕಾಫಿಯ ಅಂಗಡಿಯೂ ಹೊಸದು, ಮುಚ್ಚಿದ್ದ ಶೆಟರ್ ಒಂದನ್ನು ಎತ್ತಿಸಿ ಶುರುವಾದದ್ದು. ಆ ಬೀದಿಗೆ ಮತ್ತೆ ಉಸಿರು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಉಸಿರೇ ಟ್ರಸ್ಟಿನವರ ಕಣ್ಣಿಗೆ ಬಿತ್ತು. ನಾಯಿ ಮಲಗುತ್ತಿದ್ದಾಗ ಯಾರೂ ತಿರುಗಿ ನೋಡದ ಜಾಗವನ್ನು ಕೆಡವಿ ಹೊಸ ಕಟ್ಟಡ ಕಟ್ಟಲು ಬಿಲ್ಡರ್ ಒಬ್ಬರು ಮುಂದೆ ಬಂದರು. ಅವರ ಕಡೆಯಿಂದ ಇಸ್ತ್ರಿ ಮಾಡಿದ ತೆಳುನೀಲಿ ಅಂಗಿಯ ಒಬ್ಬ ಯುವಕ ಬಂದ. ಅವನನ್ನು ನಾವು ಪ್ರಾಜೆಕ್ಟ್ ಸಾರ್ ಎಂದು ಕರೆಯುತ್ತಿದ್ದೆವು. ಒಳ್ಳೆಯ ಹುಡುಗನೇ. ಕೂತು ಮಾತಾಡುತ್ತಿದ್ದ, ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದ.

ಒಂದು ಬೆಳಿಗ್ಗೆ ಅವನು ಎಲ್ಲ ಅಂಗಡಿಯವರನ್ನು ಮ್ಯಾಚಿಂಗ್ ಸೆಂಟರಿನ ಮುಂದೆ ಸೇರಿಸಿದ. ಗಾಜಿನ ಕಟ್ಟಡದ ಚಿತ್ರ ತೋರಿಸಿದ. ಲಿಫ್ಟ್ ಇರುತ್ತದೆ, ಪಾರ್ಕಿಂಗ್ ಇರುತ್ತದೆ, ಹಳೆಯ ಅಂಗಡಿಯವರಿಗೇ ಮೊದಲ ಆದ್ಯತೆ. ಅಲ್ಲಿಯತನಕ ಹಿಂದಿನ ರಸ್ತೆಯ ಒಂದು ನೆಲಮಾಳಿಗೆಯಲ್ಲಿ ತಾತ್ಕಾಲಿಕ ಜಾಗ. ನಮ್ಮಲ್ಲಿ ಬಹಳ ಜನರ ಕರಾರು ಎಂದೋ ಮುಗಿದು ಬರಿಯ ಬಾಯಿಮಾತಿನ ಮೇಲೆ ನಡೆಯುತ್ತಿತ್ತು. ಅದಕ್ಕೇ ಎಲ್ಲರೂ ಅಂಕಲ್ ಕಡೆ ನೋಡಿದರು. ಅವರ ಹಿಂದೆ ಲಕ್ಷ್ಮಿಯ ಪಟದ ಮುಂದೆ ದೀಪ ಉರಿಯುತ್ತಿತ್ತು.

“ನೀವು ಹೇಳಿದ್ರೆ ಎಲ್ಲರೂ ಹೇಳಿದ ಹಾಗೆ ಅಂಕಲ್. ಒಪ್ಪಿಗೆ ತಾನೇ?” ಎಂದು ಪ್ರಾಜೆಕ್ಟ್ ಸಾರ್ ಕೇಳಿದ.

ಅಂಕಲ್ ಒಮ್ಮೆ ಹಿಂದಕ್ಕೆ, ಪಟದ ಕಡೆ ತಿರುಗಿದರು. ಆಮೇಲೆ ಕೈಮುಗಿದು, ಬಹಳ ಮೆಲ್ಲಗೆ, “ಆಗ್ಲಿ ಸಾರ್, ನೋಡೋಣ” ಎಂದರು.

“ಸೂಪರ್ ಅಂಕಲ್! ಥ್ಯಾಂಕ್ಯೂ ಸೋ ಮಚ್!” ಅವನು ಅವರ ಕೈ ಕುಲುಕಿದ. ಅವನ ಜೊತೆ ಬಂದವನು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದ.

ಅವರು ಹೊರಟ ಮೇಲೆ ಮಾರ್ಕೆಟ್ಟಿನವರೆಲ್ಲ ನಿರಾಳರಾದರು. ಹೂವಿನವಳು ಕೈಯೆತ್ತಿ, “ಮುಗೀತು ಗುರು. ಅಂಕಲ್ ನೋಡೋಣ ಅಂದಾಯ್ತಲ್ಲ. ಇನ್ನು ಆ ಸಾರ್ ಈ ಕಡೆ ತಲೆ ಹಾಕಲ್ಲ” ಎಂದಳು. ಪಾತ್ರೆ ಅಂಗಡಿಯವನು ಎಲ್ಲರಿಗೂ ಟೀ ಹೇಳಿದ. ಒಬ್ಬರೂ ಬೇರೆ ಮಾತು ಆಡಲಿಲ್ಲ.

ಸ್ವಲ್ಪ ದಿನಕ್ಕೆ ಶೆಟರ್‌ಗಳ ಮೇಲೆ ನೋಟಿಸು ಅಂಟಿಸಿದರು. ‘ವರ್ತಕರ ಒಪ್ಪಿಗೆಯ ಮೇರೆಗೆ’ ಎಂದು ಶುರುವಾಗಿತ್ತು. ಅಂಕಲ್ ಅದನ್ನು ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ನನ್ನನ್ನು ಜೊತೆಗೆ ಕರೆದುಕೊಂಡು ಬಿಲ್ಡರ್ ಆಫೀಸಿಗೆ ಹೋದರು.

“ನಾನು ಬೇಡ ಅಂದಿದ್ದೆ ಸಾರ್.”

“ಏನಂಕಲ್ ಹಿಂಗಂತೀರಾ? ವಿಡಿಯೊ ಇದೆ.” ಹುಡುಗ ಫೋನು ತೆಗೆದು ಅದನ್ನು ಹಾಕಿ ತೋರಿಸಿದ. ಅಂಕಲ್ ಧ್ವನಿ ಆ ತಣ್ಣನೆಯ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು: ಆಗ್ಲಿ ಸಾರ್, ನೋಡೋಣ.

“ಮಾತು ನಂದೇ. ಆದ್ರೆ ನಾನು ಅಂದಿದ್ದು ಇದಲ್ಲ.”

“ಬೇಡ ಅಂದ್ರೆ ಬೇಡ ಅನ್ನಬೇಕಿತ್ತಲ್ವಾ ಅಂಕಲ್?”

“ದೀಪ ಉರೀತಿತ್ತು ಸಾರ್.”

ಹುಡುಗ ನನ್ನ ಕಡೆ ನೋಡಿದ. ನಾನು, “ಅವ್ರು ನೋಡೋಣ ಅಂದ್ರ ಆಗೂದಿಲ್ಲ ಅಂತ ಅರ್ಥ ರೀ. ಮಾರ್ಕೆಟ್ಟಿನ್ಯಾಗ ಯಾರ್ನ ಕೇಳ್ರಿ, ಹೇಳ್ತಾರ” ಎಂದೆ. ಅವನು ನಗಲಿಲ್ಲ. ಬೇಸರದಿಂದಲೇ ತಲೆಯಾಡಿಸಿದ. “ಇದನ್ನ ನಾನು ಮೇಲಿನವರಿಗೆ ಹೆಂಗೆ ಹೇಳ್ಲಿ ಅಕ್ಕ? ಆಗಲೇ ಪೇಪರೆಲ್ಲಾ ಹೋಗ್ಬಿಟ್ಟಿದೆ.”

ಮಾರ್ಕೆಟ್ಟನ್ನು ಕೆಡವಿದ ದಿನ ಅಂಕಲ್ ನೋಡಲು ಬರಲಿಲ್ಲ.

ನೆಲಮಾಳಿಗೆಯಲ್ಲಿ ಹಗಲೂ ಟ್ಯೂಬ್‌ಲೈಟು. ಸೀರೆ ತಂದವರನ್ನು ಕರೆದುಕೊಂಡು ಅಂಕಲ್ ವಾಹನಗಳು ಇಳಿಯುವ ಇಳಿಜಾರನ್ನು ಹತ್ತಿ ರಸ್ತೆಗೆ ಹೋಗಬೇಕಿತ್ತು. ಅಲ್ಲಿಯೂ ಎದುರು ಕಟ್ಟಡದ ನೆರಳು. ಬಿಸಿಲು ಹುಡುಕಿಕೊಂಡು ತಿರುವಿನ ತನಕ ನಡೆಯುತ್ತಿದ್ದರು. ಕೆಲವರು ಜೊತೆಗೆ ಹೋಗುತ್ತಿದ್ದರು. ಹೆಚ್ಚಿನವರು, “ಬಿಡಿ ಅಂಕಲ್, ಆನ್‌ಲೈನ್ ನೋಡ್ತೀನಿ” ಎಂದು ಗಾಡಿ ಹತ್ತುತ್ತಿದ್ದರು. ಶುಕ್ರವಾರ ಅಲ್ಲಿಯೂ ದೀಪದ ಸರ ಹಾಕಿದರು. ಯಾರೂ ಇಳಿದು ಬರಲಿಲ್ಲ. ಕಾಫಿಯವರು ಬೇರೆ ಕಡೆ ಹೋದರು. ಪಾತ್ರೆ ಅಂಗಡಿಯವನು ಅಂಕಲ್ ಎದುರಾದರೆ ಫೋನು ಕಿವಿಗೆ ಹಿಡಿಯುತ್ತಿದ್ದ. “ಅವರಿಗೆ ಒಳಗೊಳಗೇ ಏನೋ ಸಿಕ್ಕಿದೆ, ಅದಕ್ಕೇ ಒಪ್ಪಿದ್ದು” ಎಂಬ ಮಾತು ಎಲ್ಲಿಂದಲೋ ಹುಟ್ಟಿ ಸಾಲಿನ ಕೊನೆಯವರೆಗೆ ಹರಡಿತು.

ಹೂವಿನವಳಿಗೆ ಶೆಟರೇ ಇರಲಿಲ್ಲವಾದ್ದರಿಂದ ನೆಲಮಾಳಿಗೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಆ ಬೀದಿ ಬಿಟ್ಟು ಹೊರಟ ದಿನ ಅವಳು ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಇಳಿಜಾರಿನ ತುದಿಯಲ್ಲಿ ನಿಂತು ಕೂಗಿದಳು. “ನೋಡೋಣ ಅಂದ್ರಲ್ಲ ಅಂಕಲ್? ನೋಡಿ ಈಗ! ಕಣ್ತುಂಬ ನೋಡಿ!”

ಮಾರನೆಯ ದಿನ ಬೆಳಿಗ್ಗೆ ಒಬ್ಬ ಹುಡುಗಿ ಇಳಿದು ಬಂದು, “ಅಂಕಲ್, ಬಿಳಿ ಲೈನಿಂಗ್ ಇದೆಯಾ?” ಎಂದು ಕೇಳಿದಳು. ಅವರ ಬೆನ್ನ ಹಿಂದೆಯೇ ಬಿಳಿ ಲೈನಿಂಗಿನ ಥಾನು ಇತ್ತು. ದೀಪವೂ ಉರಿಯುತ್ತಿತ್ತು.

“ಇಲ್ಲ” ಎಂದರು ಅಂಕಲ್.

ಆಂಟಿಯ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ಆ ದಿನವೆಲ್ಲ ಅಂಕಲ್ ಬಂದವರಿಗೆ ಇಲ್ಲ ಎನ್ನುತ್ತಲೇ ಇದ್ದರು. ಫಾಲ್ ಇಲ್ಲ, ಲಾಡಿ ಇಲ್ಲ, ಕೆಂಪು ಇಲ್ಲ, ಹಸಿರು ಇಲ್ಲ. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಯಾವುದೋ ಹೊಸ ಭಾಷೆಯನ್ನು ಕಲಿಯುತ್ತಿರುವವರ ಹಾಗೆ ಒಂದೊಂದು ಸಲವೂ ಎಚ್ಚರಿಕೆಯಿಂದ ಹೇಳುತ್ತಿದ್ದರು. ನಾನು ಮೆಷಿನ್ ನಿಲ್ಲಿಸಿ ಕೂತಿದ್ದೆ. ಆಂಟಿ ಎದ್ದು ಹೋಗಿ ದೀಪವನ್ನು ಶಾಂತ ಮಾಡಿದರು.

ಆಮೇಲೆ ಅಂಕಲ್ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ಕಟ್ಟಿತ್ತು, ಊಟ ಇಳಿಯುತ್ತಿರಲಿಲ್ಲ. ಆಸ್ಪತ್ರೆಯವರು ಕೆಲವು ದಿನ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಎಂದರು. ಗಿರಿನಗರದ ಅವರ ಮನೆಗೆ ನಾನು ಕೆಲಸ ಬಿಟ್ಟು ಹೋಗಿ ಬರುತ್ತಿದ್ದೆ. ಮಾರ್ಕೆಟ್ಟಿನ ಬೇರೆ ಯಾರೂ ಬಂದಿರಲಿಲ್ಲ. ಅಂಕಲ್ ಬಾಗಿಲ ಕಡೆಯೇ ಮುಖ ಮಾಡಿ ಮಲಗಿರುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನು ಹತ್ತಿರ ಕರೆದರು.

“ಹೂವಿನವಳು ಎಲ್ಲಿ ಕೂರ್ತಾಳೆ ಈಗ?”

“ಜಯನಗರದಾಗ ಅಂತ್ರಿ, ಮೆಟ್ರೋ ಕೆಳಗ.”

“ಅವಳಿಗೆ ಹೇಳ್ತೀಯಾಮ್ಮ? ನಾನು ಬೇಡ ಅಂದಿದ್ದೆ ಅಂತ. ನಾನೇನೂ ನಿಮ್ಮನ್ನೆಲ್ಲ ಮಾರ್ಕೊಂಡಿಲ್ಲ ಅಂತ.” ಉಸಿರು ತೆಗೆದುಕೊಂಡು, “ಅವಳು ಏನಂತಾಳೆ ಕೇಳ್ಕೊಂಡು ಬಾ” ಎಂದರು.

ಮೆಟ್ರೋ ಕಂಬದ ನೆರಳಿನಲ್ಲಿ ಹೂವಿನವಳು ಸಿಕ್ಕಳು. ನಾನು ಹೇಳುತ್ತಿದ್ದಾಗ ಅವಳ ಬೆರಳುಗಳು ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ. ಮಾಲೆಯ ತುದಿಗೆ ಗಂಟು ಹಾಕಿ ತಲೆಯೆತ್ತಿದಳು.

“ಗೊತ್ತಕ್ಕ. ನಮಗೆಲ್ಲ ಅವತ್ತೇ ಗೊತ್ತಿತ್ತು. ಅಂಕಲ್ ಬೇಡ ಅಂದ್ರಲ್ಲ ಅಂತಾನೇ ನಾವ್ಯಾರೂ ಬಾಯಿ ಬಿಡ್ಲಿಲ್ಲ.”

“ಮತ್ಯಾಕ ಹಂಗ ಬೈದಿ?”

“ಇನ್ಯಾರನ್ನ ಬೈಲಿ? ಆ ನೀಲಿ ಶರ್ಟು ಕೈಗೆ ಸಿಗ್ತಾನಾ? ಟ್ರಸ್ಟ್‌ನೋರು ಸಿಗ್ತಾರಾ? ಅಂಕಲ್ ಸಿಕ್ತಿದ್ರು.” ಕಣ್ಣೊರೆಸಿಕೊಳ್ಳಲು ಹೋಗಿ ಕೈ ಒದ್ದೆಯಿದೆಯೆಂದು ಸುಮ್ಮನಾದಳು. “ಹೇಳಕ್ಕ ಅವರಿಗೆ. ಎಲ್ಲರಿಗೂ ಗೊತ್ತಿತ್ತು ಅಂತ ಹೇಳು. ಸಾಯಂಕಾಲ ನಾನೇ ಬರ್ತೀನಿ.”

ನಾನು ಬಸ್ಸಿನಲ್ಲಿದ್ದಾಗ ಆಂಟಿಯ ಫೋನು ಬಂತು. ಹಿಂದೆ ಯಾರೋ ಅಳುತ್ತಿದ್ದುದು ಕೇಳಿಸಿತು.

ಮನೆ ತಲುಪುವಷ್ಟರಲ್ಲಿ ಸುದ್ದಿ ಹರಡಿತ್ತು. ಅಂಕಲ್‌ರನ್ನು ಹಜಾರದಲ್ಲಿ ಮಲಗಿಸಿದ್ದರು. ಇಷ್ಟು ದಿನ ಬಾರದ ಮಾರ್ಕೆಟ್ಟಿನವರು ಈಗ ಬಂದು, ಗೇಟಿನ ಒಳಗೆ ಗುಂಪಾಗಿ ನಿಂತಿದ್ದರು. ಪಾತ್ರೆ ಅಂಗಡಿಯವನು ಹಾರ ಹಿಡಿದುಕೊಂಡಿದ್ದ. ಆಂಟಿ ನನ್ನನ್ನು ನೋಡಿದೊಡನೆ, “ಸಿಕ್ಕಿದ್ಲಾ? ಏನಂದ್ಲು?” ಎಂದು ಕೇಳಿದರು.

ನಾನು ಹೇಳಿದೆ.

“ಅವರಿಗೆ ಹೇಳು.”

ನಾನು ಅವರ ತಲೆಯ ಹತ್ತಿರ ಕೂತೆ. ಕಿವಿಯ ಬಳಿ ಬಗ್ಗಿ, ಅಂಕಲ್, ನೀವು ಬೇಡ ಅಂದಿದ್ದು ಎಲ್ಲರಿಗೂ ಗೊತ್ತಿತ್ತಂತ್ರಿ ಎಂದೆ.

“ಜೋರಾಗಿ ಹೇಳು” ಎಂದರು ಆಂಟಿ. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಗೇಟಿನ ಕಡೆ ನೋಡುತ್ತಿದ್ದರು.

ಜೋರಾಗಿ ಹೇಳಿದೆ. ಗೇಟಿನ ಬಳಿ ನಿಂತವರಿಗೂ ಕೇಳಿಸಿತು. ಪಾತ್ರೆ ಅಂಗಡಿಯವನು ಹಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. ಹೌದು ಎಂದೋ, ಅಲ್ಲ ಎಂದೋ ಯಾರಾದರೂ ಒಬ್ಬರು ಹೇಳುತ್ತಾರೆಂದು ನಾನು ಕಾದೆ. ಆಂಟಿಯೂ ಕಾದರು.