ಕೊನೆಗಿರಲೆಂದು ಇಟ್ಟ ದಾರಿ

ನಮ್ಮ ತುರ್ತು ಕರೆ ಕೇಂದ್ರದಲ್ಲಿ ಅವಳನ್ನು ಎಲ್ಲರೂ ದಾರಿಯಕ್ಕ ಎನ್ನುತ್ತಿದ್ದೆವು. ಹದಿನೆಂಟು ವರ್ಷ, ಕರೆಗಳಿಗೆ ದಾರಿ ಆರಿಸಿಕೊಡುವ ರೂಟರ್‌ಗಳ ಜೊತೆ ಏಗಿದವಳು. “ಗಂಡನ ಮನಸ್ಸು ಗೊತ್ತಾಗ್ಲಿಲ್ಲ, ಬಿಟ್ಟುಬಂದೆ. ಈ ಡಬ್ಬಗಳ ಮನಸ್ಸು ಗೊತ್ತು, ಅದಕ್ಕೇ ಇಲ್ಲಿದೀನಿ” ಎಂದು ನಗುತ್ತಿದ್ದಳು. ಅವಳು ಎತ್ತಿ ಆಡಿಸಿ ಬೆಳೆಸಿದ ತಮ್ಮ ನಮ್ಮಲ್ಲೇ ಆಂಬುಲೆನ್ಸ್ ಓಡಿಸುತ್ತಿದ್ದ.

ಒಂದು ದಿನ ಎಲ್ಲರೆದುರು ತನ್ನ ತಪ್ಪು ತೋರಿಸಿದಳೆಂದು ಮುಖ್ಯಸ್ಥ ಮೇಜಿನ ಫೋನ್ ಕಿತ್ತು ಅವಳ ಮುಖಕ್ಕೆ ಎಸೆದ. ಎಡಹುಬ್ಬಿಗೆ ಐದು ಹೊಲಿಗೆ ಬಿತ್ತು. ನಾವೆಲ್ಲ ತಲೆ ತಗ್ಗಿಸಿ ಕೂತಿದ್ದೆವು, ಹೇಡಿಗಳು.

ಆ ವಾರವೇ ಅವನು ಹಳೆಯ ಗೋದಾಮಿನ ಸಣ್ಣ ತಂತಿಯನ್ನು ಹೊರಗೆ ಹೋಗುವ ಇನ್ನೊಂದು ದಾರಿಯಾಗಿ ಸೇರಿಸಿದ. ಅಲ್ಲಿಯವರೆಗೆ ಕರೆಗಳೆಲ್ಲ ಹರಿಯುತ್ತಿದ್ದ ದಪ್ಪ ಕೇಬಲ್ಲಿಗೆ ರೂಟರ್ ಲೆಕ್ಕದಲ್ಲಿ ಇದ್ದ ಬೆಲೆ ಇಪ್ಪತ್ತು. ಇದಕ್ಕೆ ಸಾವಿರ ಹಾಕಿದ. ಬೆಲೆ ಹೆಚ್ಚಿದ್ದರೆ ರೂಟರ್ ಅದನ್ನು ಕೊನೆಗೆ ಮುಟ್ಟುತ್ತದೆ ಎಂಬುದು ಅವನ ಎಣಿಕೆ. ಆದರೆ ಹೊರದಾರಿಗಳಲ್ಲಿ ಎರಡು ಬಗೆ. ಮೊದಲ ಬಗೆಗೆ ಒಳಗೆ ಸಾಗುವ ದೂರವೂ ಸೇರುತ್ತದೆ, ಎರಡನೆಯದಕ್ಕೆ ಹೊರಗಿನ ಬೆಲೆಯಷ್ಟೇ. ಇವೆರಡೂ ಎದುರಾದರೆ ರೂಟರ್ ಬೆಲೆಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ, ಮೊದಲ ಬಗೆಯದನ್ನೇ ಹಿಡಿಯುತ್ತದೆ. ದಪ್ಪ ಕೇಬಲ್ ಎರಡನೇ ಬಗೆ. ಸಣ್ಣ ತಂತಿಯನ್ನು ಆ ಮಹಾಶಯ ಮೊದಲ ಬಗೆಯೆಂದು ಬರೆದಿದ್ದ.

ದಾರಿಯಕ್ಕ ಮಾರನೆಯ ದಿನವೇ ಅದನ್ನು ಕಂಡಳು. “ಅವನು ಮುಗ್ಗರಿಸಿ ಬೀಳ್ಲಿ. ಆಗ ಬುದ್ಧಿ ಬರುತ್ತೆ” ಎಂದು ನನ್ನ ಕಿವಿಯಲ್ಲಿ ಹೇಳಿ ಸುಮ್ಮನಾದಳು. ಏನು ಬೀಳುವುದೆಂದು ನಾನೂ ಕೇಳಲಿಲ್ಲ. ಕರೆಗಳೆಲ್ಲ ಆ ಸಣ್ಣ ತಂತಿಯಲ್ಲೇ ಹರಿಯುತ್ತಿದ್ದರೂ ಮಾಮೂಲಿ ದಿನಗಳಲ್ಲಿ ಅದು ಹೇಗೋ ತಡೆದುಕೊಂಡಿತು.

ನಾಲ್ಕನೆಯ ದಿನ ಮಧ್ಯಾಹ್ನ ಊರಲ್ಲಿ ಗಲಭೆ ಹೊತ್ತಿತು. ಅಂಗಡಿಗಳು ಉರಿದವು, ಸಿಕ್ಕವರನ್ನು ಸಿಕ್ಕಲ್ಲೇ ಬಡಿದರು. ಸಾವಿರಾರು ಕರೆಗಳು ಆ ತಂತಿಗೆ ನುಗ್ಗಿ, ಎತ್ತಿದೊಡನೆ ಕಡಿದುಹೋದವು. ಪರದೆಯ ಮೇಲೆ ತಮ್ಮನ ಆಂಬುಲೆನ್ಸ್ ಸೇತುವೆಯ ಬಳಿ ನಿಂತುಬಿಟ್ಟಿತ್ತು. ನಮ್ಮ ಗೇಟಿನಲ್ಲಿ ಕಾವಲುಗಾರನ ತಲೆ ಒಡೆದರು. ಕಬ್ಬಿಣದ ಸರಳುಗಳು ಬಾಗಿಲಿಗೆ ಬೀಳತೊಡಗಿದವು; ಬಾಗಿಲು ಜಗ್ಗಲಿಲ್ಲ. ದಾರಿಯಕ್ಕ ಮುಖ್ಯಸ್ಥನ ಯಂತ್ರದತ್ತ ಓಡಿದಳು. ಅವನು ಅವಳ ಕೈ ತಿರುಚಿ ಹಿಡಿದ.

“ಏನನ್ನೂ ಮುಟ್ಬೇಡ.”

“ಬಿಡಿ ಸರ್, ನನ್ನ ತಮ್ಮ ಹೊರಗಿದಾನೆ.”

ಅವನು ಬಿಡಲಿಲ್ಲ. ಅವಳು ಇನ್ನೊಂದು ಕೈಯಲ್ಲಿ ಅದೇ ಫೋನ್ ಎತ್ತಿ ಅವನ ಹಣೆಗೆ ಬಾರಿಸಿದಳು. ರಕ್ತ ಕೀಲಿಮಣೆಯ ಮೇಲೆ ಸುರಿಯಿತು. ಅದರ ಮೇಲೇ ಬೆರಳಿಟ್ಟು, ಸಣ್ಣ ತಂತಿಯ ಬಗೆಯ ಜಾಗದಲ್ಲಿದ್ದ ಒಂದನ್ನು ಅಳಿಸಿ ಎರಡು ಮಾಡಿದಳು. ಈಗ ಎರಡೂ ಒಂದೇ ಬಗೆ; ರೂಟರ್ ಕಡಿಮೆ ಬೆಲೆ ನೋಡಿ ದಪ್ಪ ಕೇಬಲ್ಲಿಗೆ ಹೊರಳಿತು.

ಅವಳ ಮುಂದೆ ಫೋನ್ ರಿಂಗಾಯಿತು. ತಮ್ಮ.

“ಅಕ್ಕಾ, ಎಷ್ಟು ಸಲ ಫೋನ್ ಮಾಡ್ದೆ. ಗಾಜು ಒಡೀತಿದಾರೆ, ಪೊಲೀಸ್ರನ್ನ ಕಳ್ಸು.”

ಕಳಿಸಿದಳು. ಅವರು ತಲುಪಲು ಹನ್ನೊಂದು ನಿಮಿಷ ಹಿಡಿಯಿತು. ಕರೆ ಕಡಿದಿರಲಿಲ್ಲ. ಆಂಬುಲೆನ್ಸಿನ ಬಾಗಿಲು ಕಿತ್ತದ್ದನ್ನು, ಅವನನ್ನು ಎಳೆದದ್ದನ್ನು, ದೊಣ್ಣೆ ಬಿದ್ದದ್ದನ್ನು, ಅವನು ಸುಮ್ಮನಾದದ್ದನ್ನು ಅವಳು ಕೇಳಿದಳು. ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಅವನು ಇಪ್ಪತ್ತಮೂರು ಸಲ ಕರೆ ಮಾಡಿದ್ದ.

ಕರೆಗಳು ಕಡಿದದ್ದರ ವಿಚಾರಣೆಯ ದಿನ ಮುಖ್ಯಸ್ಥ ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದ. “ಇಂಥ ಸೂಕ್ಷ್ಮ ನಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ಲ ಸರ್” ಎಂದ. ಅಷ್ಟಕ್ಕೆ ಎಲ್ಲ ಮುಗಿಯುತ್ತಿತ್ತು. ನಾನಂತೂ ಬಾಯಿ ಬಿಡುತ್ತಿರಲಿಲ್ಲ. ದಾರಿಯಕ್ಕ ಎದ್ದುನಿಂತಳು. ಅಧಿಕಾರಿಗಳಿಗೆ ಬೆನ್ನು ಹಾಕಿ, ಹಿಂದಿನ ಬೆಂಚಿನಲ್ಲಿ ಕೂತಿದ್ದ ತನ್ನ ತಾಯಿಯ ಕಡೆ ತಿರುಗಿದಳು.

“ನನಗೆ ಗೊತ್ತಿತ್ತಮ್ಮ” ಎಂದಳು.