ಐದು ನಿಮಿಷದ ಟೆಂಟು

ಐದೇ ಐದು ನಿಮಿಷದಲ್ಲಿ ನಾನು ಒಬ್ಬ ಅಪ್ಪನ ಮಾನ ಕಳೆದೆ. ಅದೂ ಅವರ ಮಗಳ ಎದುರಿಗೇ. ಬೈದಲ್ಲ, ಜಗಳವಾಡಿಯೂ ಅಲ್ಲ. ಸಹಾಯ ಮಾಡಿ!

ಹೇಗೆ ಅಂತೀರಾ? ಕೇಳಿ.

ಈ ಬೇಸಿಗೆ ರಜೆಯ ಶನಿವಾರ, ಭಾನುವಾರಗಳನ್ನೆಲ್ಲ ನಾನು ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಕಳೆದೆ. ನಾವಿರುವುದು ಜಪಾನಿನ ಸಗಮಿಹಾರಾದಲ್ಲಿ; ಇಲ್ಲಿ ಬೇಸಿಗೆ ರಜೆ ಬರುವುದು ಜುಲೈ, ಆಗಸ್ಟಿನಲ್ಲಿ. ಊರಿನ ಪಶ್ಚಿಮಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಹೋದರೆ ಬೆಟ್ಟ, ಹೊಳೆ, ಹೊಳೆಯ ದಡದಲ್ಲಿ ಟೆಂಟು ಹಾಕಲು ಜಾಗ. ಬಂದವರಿಗೆ ಅವರವರ ಜಾಗ ತೋರಿಸಿ, ಯಾವ ಕಸ ಯಾವ ಚೀಲಕ್ಕೆ ಎಂದು ಹೇಳಿ, ಒಲೆ ಸರಿಯಾಗಿ ಆರಿಸಿದ್ದಾರಾ ಎಂದು ನೋಡುವವರಿಗೆ ಹೋಸ್ಟ್ ಎನ್ನುತ್ತಾರೆ. ಅಂಥ ಹೋಸ್ಟ್ ಬೇಕಾಗಿದ್ದಾರೆ ಎಂಬ ಚೀಟಿ ಬಸ್ ಸ್ಟಾಪಿನ ಬೋರ್ಡಿನಲ್ಲಿ ಕಂಡದ್ದೇ ತಡ, ಹೆಸರು ಕೊಟ್ಟುಬಿಟ್ಟೆ.

"ಸಂಬಳ?" ಅಂದರು ನಮ್ಮ ಯಜಮಾನರು, ಟೋಕಿಯೋದ ಶಿನಾಗಾವಾದಲ್ಲಿರುವ ಆಫೀಸಿನಿಂದ ಆಗಷ್ಟೇ ಬಂದು ಸಾಕ್ಸ್ ಬಿಚ್ಚುತ್ತಾ.

"ಇಲ್ಲ. ವಾಲಂಟಿಯರ್ ಕೆಲ್ಸ."

"ಮತ್ತೇನ್ ಕೊಡ್ತಾರೆ?"

"ಆರೆಂಜ್ ಜಾಕೆಟ್ಟು. ತೋಳಿಗೊಂದು ಪಟ್ಟಿ."

(ತೋಳಿಗೆ ಪಟ್ಟಿ ಕಟ್ಟಿಕೊಂಡವರ ಮಾತಿಗೆ ಜಪಾನಿನಲ್ಲಿ ಎಂಥ ಬೆಲೆ ಗೊತ್ತಾ? ಮನೆಯಲ್ಲೂ ಒಂದು ಸಲ ಕಟ್ಟಿಕೊಂಡು ನೋಡಿದೆ. ವರ್ಕ್ ಆಗಲಿಲ್ಲ.)

ಅಲ್ಲಿ ನನಗೆ ಹಿರಿಯ ಹೋಸ್ಟ್ ಸುಗಿತಾ ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ). ಎಪ್ಪತ್ತು ದಾಟಿದೆ. ರೈಲು ಓಡಿಸಿ ನಿವೃತ್ತರಾದವರು, ರೈಲಿನವರ ಅಭ್ಯಾಸ ಮಾತ್ರ ನಿವೃತ್ತಿಯಾಗಿಲ್ಲ. ಪ್ರತಿ ಒಲೆಯ ಮುಂದೆ ನಿಂತು, ಬೆರಳು ನೀಟಾಗಿ ಚಾಚಿ, "ಬೆಂಕಿ ಆರಿದೆ, ಸರಿ!" ಎಂದು ಗಟ್ಟಿಯಾಗಿ ಹೇಳಿಯೇ ಮುಂದಿನ ಒಲೆಗೆ ಹೋಗುವುದು. ಮೊದಲ ದಿನ ನನಗೆ ಅವರು ಹೇಳಿದ್ದು ಒಂದೇ ಮಾತು. "ನೋಡ್ತಾ ಇರಿ. ಕರೆದರೆ ಹೋಗಿ." ನಾನು ಹೂಂ ಅಂದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟೆ.

ಜುಲೈನ ಒಂದು ಶನಿವಾರ ಅವರಿಬ್ಬರು ಬಂದರು. ಮೂವತ್ತೈದರ ಆಸುಪಾಸಿನ ಅಪ್ಪ, ಏಳು ವರ್ಷದ ಮಗಳು ಯೂನಾ. ಅಪ್ಪ ಹೊಸ ಟೆಂಟು ಬಿಚ್ಚಿದರು. ಹೊಳೆಯ ಕಡೆಯಿಂದ ಗಾಳಿ. ಕಂಬಿ ಒಂದು ತುದಿಯಲ್ಲಿ ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಜಾರಿತು. ಮತ್ತೆ ಸಿಕ್ಕಿಸಿದರು, ಮತ್ತೆ ಜಾರಿತು. ಮೂರನೇ ಸಲ ಇಡೀ ಟೆಂಟು ಅವರ ತಲೆ ಮೇಲೆಯೇ ಕುಸಿಯಿತು. ಯೂನಾ ಐಸ್ ಬಾಕ್ಸಿನ ಮೇಲೆ ಕೂತು ಕಾಲಾಡಿಸುತ್ತಾ ನೋಡುತ್ತಿದ್ದಳು.

ಇದನ್ನು ನೋಡಿಕೊಂಡು ನಾನು ಸುಮ್ಮನಿರಲಾ? ನಮ್ಮ ಬೆಂಗಳೂರಿನಲ್ಲಿ ಯಾರೋ ಕಾರು ರಿವರ್ಸ್ ತೆಗೆಯಲಿ, ಎಲ್ಲಿದ್ದರೋ ಏನೋ, ನಾಲ್ಕು ಜನ ಪ್ರತ್ಯಕ್ಷ. "ಬರ್ಲಿ ಬರ್ಲಿ ಬರ್ಲಿ... ರೈಟ್ ಕಟ್ ಮಾಡಿ ಸಾರ್!" ಅವರನ್ನು ಕರೆದವರು ಯಾರು? ಯಾರೂ ಇಲ್ಲ. ಅದೇ ನೀರು ಕುಡಿದು ಬೆಳೆದವಳು ನಾನು. ಸಾಲದ್ದಕ್ಕೆ ಕಾಲೇಜಿನಲ್ಲಿ ಎನ್‌ಸಿಸಿ. ಟೆಂಟು ಹಾಕುವುದೆಂದರೆ ನನಗೆ ನೀರು ಕುಡಿದಷ್ಟೇ ಸಲೀಸು.

"ಸುಮಿಮಾಸೆನ್" (ಕ್ಷಮಿಸಿ) ಎನ್ನುತ್ತಾ ಹೋಗಿ ಅವರ ಕೈಯಿಂದ ಕಂಬಿ ತೆಗೆದುಕೊಂಡೆ.

"ದೈಜೋಬು ದೆಸ್" ಅಂದರು. ಪರವಾಗಿಲ್ಲ, ಬೇಡ ಎಂದು ಅರ್ಥ. ಒಂದಲ್ಲ, ಮೂರು ಸಲ ಅಂದರು. ಆದರೆ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರಿಗೂ ಇನ್ನೊಂದು ಸೌಟು ಬಡಿಸುವ ಜನ ನಾವು. ನಮ್ಮಲ್ಲಿ ಯಾರಾದರೂ ಮೊದಲನೇ ಸಲಕ್ಕೇ ಹೂಂ ಅನ್ನುತ್ತಾರಾ? ಪಾಪ, ಸಂಕೋಚ ಅಂದುಕೊಂಡೆ.

ಐದು ನಿಮಿಷ. ಗೂಟ ಹೊಡೆದು, ಹಗ್ಗ ಬಿಗಿದು, ಕೈ ಕೊಡವಿಕೊಂಡೆ. ಯೂನಾ ಐಸ್ ಬಾಕ್ಸಿನಿಂದ ಜಿಗಿದು ಚಪ್ಪಾಳೆ ತಟ್ಟಿದಳು. "ಒಬಾಸಾನ್ ಸುಗೊಯ್!" ಆಂಟಿ ಸೂಪರ್ ಅಂತೆ. ಅಪ್ಪ ಸೊಂಟ ಬಗ್ಗಿಸಿ ನಮಸ್ಕರಿಸಿದರು, ಮತ್ತೆ ಮತ್ತೆ. ಸಂಜೆ ಕೆಳಗಿನ ಕೊಂಬಿನಿ ಅಂಗಡಿಗೆ ಹೋಗಿ ನನಗೊಂದು ಬಿಸ್ಕೆಟ್ ಡಬ್ಬಿಯನ್ನೂ ತಂದುಕೊಟ್ಟರು. ನಾನು ಗಣರಾಜ್ಯೋತ್ಸವದ ಪೆರೇಡಿನಲ್ಲಿ ನಡೆದಂತೆ ಎದೆಯುಬ್ಬಿಸಿ ಹೋಸ್ಟ್‌ಗಳು ಕೂರುವ ನಮ್ಮ ಗುಡಿಸಲಿಗೆ ಬಂದೆ. ಸುಗಿತಾ ಸಾನ್ ಬಿಸ್ಕೆಟ್ ಡಬ್ಬಿಯನ್ನು ಒಮ್ಮೆ ನೋಡಿ ಒಲೆಗಳ ಕಡೆ ಹೊರಟರು.

ಮುಂದಿನ ಶನಿವಾರ ಬುಕಿಂಗ್ ಪುಸ್ತಕ ತಿರುವುತ್ತಿದ್ದೆ. ಆಗಸ್ಟಿಗೂ ಯೂನಾಳ ಅಪ್ಪನ ಹೆಸರಿತ್ತು. ಅದರ ಮೇಲೊಂದು ಗೆರೆ.

"ಯಾಕೆ ಕ್ಯಾನ್ಸಲ್ ಮಾಡಿದ್ರು?" ಅಂದೆ.

ಸುಗಿತಾ ಸಾನ್ ಎರಡು ಲೋಟಕ್ಕೆ ತಣ್ಣಗಿನ ಬಾರ್ಲಿ ಟೀ ಸುರಿದರು. ಆಮೇಲೆ, ತಪ್ಪೆಲ್ಲ ತಮ್ಮದೇ ಎಂಬ ದನಿಯಲ್ಲಿ, ಹೇಳಿದರು.

ಯೂನಾಳ ಅಪ್ಪ ಅಮ್ಮ ಬೇರೆಯಾಗಿ ಎರಡು ವರ್ಷ. ಮಗು ಅಮ್ಮನ ಜೊತೆ. ಅಪ್ಪನಿಗೆ ಸಿಗುವುದು ತಿಂಗಳಿಗೊಂದು ಸಲ, ಅದೂ ಯೂನಾ ಹೋಗುತ್ತೇನೆ ಅಂದರೆ. 2011ರ ಆ ದೊಡ್ಡ ಭೂಕಂಪವಾದಾಗ ಅವಳಿಗೆ ನಾಲ್ಕು ವರ್ಷವಂತೆ. ರೈಲು ನಿಂತುಹೋಗಿ ಅಪ್ಪ ಆಫೀಸಿನಿಂದ ನಡೆದುಕೊಂಡು ಮನೆ ಸೇರುವಷ್ಟರಲ್ಲಿ ಮರುದಿನ ಬೆಳಗಾಗಿತ್ತು. ಮಗು ಅದನ್ನು ಮರೆತಿಲ್ಲ. ಈಗಲೂ ನೆಲ ಸ್ವಲ್ಪ ಅಲುಗಿದರೆ ಪಾಪಾ (ಅಪ್ಪ) ಎಲ್ಲಿ ಎಂದು ಕೇಳುತ್ತಾಳೆ. ಅದಕ್ಕೇ ಅಪ್ಪ ಮಾತು ಕೊಟ್ಟಿದ್ದರು. "ಮನೆ ಬಿದ್ರೂ ಹೆದರ್ಬೇಡ. ಪಾಪಾ ಬಂದು ಹತ್ತೇ ನಿಮಿಷದಲ್ಲಿ ನಿನಗೊಂದು ಮನೆ ಕಟ್ಟಿಕೊಡ್ತೀನಿ."

"ಮಗಳನ್ನ ಕರ್ಕೊಂಡು ಬರೋ ಹಿಂದಿನ ವಾರ ಅವರೊಬ್ಬರೇ ಬಂದಿದ್ರು," ಅಂದರು ಸುಗಿತಾ ಸಾನ್. "ಅವತ್ತು ಬುಧವಾರ, ನೀವಿರಲಿಲ್ಲ. ನಾಲ್ಕು ಸಲ ಟೆಂಟ್ ಹಾಕಿ, ನಾಲ್ಕು ಸಲ ಬಿಚ್ಚಿದ್ರು. ಚೆನ್ನಾಗಿ ಬಂದಿತ್ತು. ಆಗಲೇ ಇದನ್ನೆಲ್ಲ ಹೇಳಿದ್ದು."

ನಾನು ಲೋಟ ಕೆಳಗಿಟ್ಟೆ. ಮನೆಯಲ್ಲಿ ಬಾಯಿಪಾಠ ಬಂದದ್ದು ಪರೀಕ್ಷೆಯ ಹಾಲಿನಲ್ಲಿ ಮರೆತುಹೋಗುವುದಿಲ್ಲವೇ? ಹಾಗಾಗಿತ್ತು ಅವರಿಗೆ. ಇನ್ನೊಂದು ಹತ್ತು ನಿಮಿಷ ಬಿಟ್ಟಿದ್ದರೆ ಬರೆದು ಪಾಸಾಗುತ್ತಿದ್ದರು. ಪೇಪರ್ ಕಿತ್ತುಕೊಂಡು ನಾನೇ ಬರೆದುಬಿಟ್ಟಿದ್ದೆ.

ಇನ್ನೂ ಇದೆ. ವಾಪಸ್ ಹೋಗುವಾಗ ಕಾರಿನಲ್ಲಿ ಯೂನಾ ಕೇಳಿದಳಂತೆ. "ಪಾಪಾ, ಭೂಕಂಪ ಆದ್ರೆ ಆ ಒಬಾಸಾನ್‌ಗೆ ಫೋನ್ ಮಾಡೋಣ್ವಾ?" ಕ್ಯಾನ್ಸಲ್ ಮಾಡಲು ಫೋನ್ ಮಾಡಿದಾಗ ಅಪ್ಪ ಇದನ್ನು ನಗುತ್ತಲೇ ಹೇಳಿದ್ದರು. ನಗುತ್ತಲೇ ಎಂಬುದು ನನ್ನನ್ನು ಇನ್ನೂ ಚುಚ್ಚಿತು.

ಅವತ್ತು ಮನೆಗೆ ಬಂದು ಎಲ್ಲ ಹೇಳಿಕೊಂಡೆ. ಯಜಮಾನರು "ನೀನು ಒಳ್ಳೇದಕ್ಕೇ ತಾನೇ ಮಾಡಿದ್ದು, ಬಿಡು" ಅಂದರು. ಹತ್ತು ವರ್ಷದ ಮಗಳು ಅನನ್ಯಾ ಪುಸ್ತಕದಿಂದ ತಲೆ ಎತ್ತಲಿಲ್ಲ. "You always do that, Amma," ಅಂದಳು. "ನನ್ ಸಮ್ಮರ್ ಪ್ರಾಜೆಕ್ಟ್ ಕೂಡ. ಲಾಸ್ಟ್ ಇಯರ್ ಫುಲ್ ನೀನೇ ಮಾಡ್ದೆ. ಟೀಚರ್ ಗುಡ್ ಅಂದ್ರು. I felt so bad." ಕನ್ನಡದಲ್ಲಿ ಎರಡು ವಾಕ್ಯ ಸೇರಿಸಲು ಒದ್ದಾಡುವ ಹುಡುಗಿ! ಆ ಪ್ರಾಜೆಕ್ಟನ್ನು ನಾನು ಫ್ರೇಮ್ ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದೆ.

ಮರುದಿನ ಹೋಗಿ, ಯೂನಾಳ ಅಪ್ಪನಿಗೆ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ ಎಂದೆ. ಸುಗಿತಾ ಸಾನ್ ಬೇಡ ಎಂದು ತಲೆಯಾಡಿಸಿದರು. "ಕೇಳಿದ್ರೆ ಅವರು ನಿಮ್ಮನ್ನ ಸಮಾಧಾನ ಮಾಡ್ಬೇಕಾಗುತ್ತೆ. ಅದೊಂದು ಭಾರ ಯಾಕೆ?" ಎಂದು ತಾವೇ ಫೋನ್ ತೆಗೆದುಕೊಂಡರು. ಆಗಸ್ಟ್ ಕೊನೆಗೆ ಹದಿನಾಲ್ಕನೇ ಜಾಗ ಖಾಲಿಯಿದೆ, ಅಲ್ಲಿ ಗಾಳಿ ಕಡಿಮೆ ಎಂದಷ್ಟೇ ಹೇಳಿ ಇಟ್ಟರು.

"ಹೌದಾ, ಅಲ್ಲಿ ಗಾಳಿ ಕಡಿಮೇನಾ?"

"ಇಲ್ಲ. ಎಲ್ಲಾ ಕಡೆ ಒಂದೇ."

ಬಂದರು. ಆಗಸ್ಟ್ ಕೊನೆಯ ಆ ಶನಿವಾರ ಅಪ್ಪ, ಮಗಳು ಬರುತ್ತಾರೋ ಇಲ್ಲವೋ ಎಂದು ಬೆಳಗ್ಗೆಯಿಂದ ದಾರಿ ನೋಡುತ್ತಿದ್ದವಳಿಗೆ ಜೀವ ಬಂದಂತಾಯಿತು. ಸುಗಿತಾ ಸಾನ್ ನನ್ನ ಮುಂದೆ ಒಂದು ಹೊರೆ ಎಳೆ ಸೋಯಾ ಗಿಡ ತಂದು ಸುರಿದರು. ಕಾಯಿ ಬಿಡಿಸಬೇಕು. ಅವರೆಕಾಯಿ ಸೀಸನ್ನಿನಲ್ಲಿ ಕೂತ ಹಾಗೆ ಕೂತೆ. ಕೈ ಕಾಯಿ ಬಿಡಿಸುತ್ತಿತ್ತು, ಕಣ್ಣು ಹದಿನಾಲ್ಕನೇ ಜಾಗದಲ್ಲಿತ್ತು.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಈ ಸಲ ಯೂನಾ ಕಂಬಿಯ ಒಂದು ತುದಿ ಹಿಡಿದು ನಿಂತಿದ್ದಳು. ಗಾಳಿ ಬೀಸಿತು, ಟೆಂಟು ಮಗುಚಿತು. ಅಪ್ಪ ಅದನ್ನು ಹಿಡಿಯಲು ಓಡಿ ಎಡವಿ ಮಂಡಿಯೂರಿ ಬಿದ್ದರು.

ನನಗೆ ತಡೆಯಲಾಗಲಿಲ್ಲ. ಬುದ್ಧಿ ಹೇಳಿದ್ದು ಕೈಕಾಲಿಗೆ ಕೇಳಿಸಬೇಕಲ್ಲ? ಮರದ ಸುತ್ತಿಗೆ ಹಿಡಿದು ಎದ್ದೇಬಿಟ್ಟೆ. ನಾಲ್ಕು ಹೆಜ್ಜೆ ಹೋಗಿರಬಹುದು. ಯೂನಾ ನನ್ನನ್ನು ನೋಡಿದಳು. ಕಂಬಿಯನ್ನು ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡಳು. ಎರಡೂ ಕೈಗಳನ್ನು ಮುಖದ ಮುಂದೆ ಕತ್ತರಿ ಹಾಕಿ ಹಿಡಿದಳು. ಇಲ್ಲಿ ಅದಕ್ಕೆ ಒಂದೇ ಅರ್ಥ. ಕೂಡದು. ಇದು ಅಪ್ಪನ ದೈಜೋಬು ಅಲ್ಲ, ಇದರಲ್ಲಿ ಸಂಕೋಚದ ಸುಳಿವೂ ಇರಲಿಲ್ಲ.

ಅಪ್ಪನ ಬೆನ್ನು ನಮ್ಮ ಕಡೆಗಿತ್ತು. ಅವರಿಗೆ ಇದೇನೂ ಕಾಣಲಿಲ್ಲ. ಕಾಣಬಾರದೆಂದೇ ಅವಳು ಬಾಯಿ ಬಿಟ್ಟಿರಲಿಲ್ಲ.

ವಾಪಸ್ ಬಂದು ಕೂತೆ. ಅಳು ಬಂತು. ಕಾಯಿ ಬಿಡಿಸುತ್ತಲೇ ಅತ್ತೆ. ಸುಗಿತಾ ಸಾನ್ ಹೊಳೆಯ ಕಡೆ ತಿರುಗಿ ಕೂತು ಅದನ್ನೂ ನೋಡದವರಂತೆ ಇದ್ದರು.

ನಲವತ್ತು ನಿಮಿಷಕ್ಕೆ ಟೆಂಟು ನಿಂತಿತು. ಎಡಕ್ಕೆ ಸ್ವಲ್ಪ ವಾಲಿತ್ತು. ಒಂದು ಗೂಟವಂತೂ ನನ್ನ ಎನ್‌ಸಿಸಿ ಮೇಡಂ ನೋಡಿದ್ದರೆ ಮೈದಾನ ಹತ್ತು ಸುತ್ತು ಓಡಿಸುತ್ತಿದ್ದರು, ಅಷ್ಟು ಸೊಟ್ಟ. ಯೂನಾ ಒಳಗೆ ನುಗ್ಗಿದಳು. "ಪಾಪಾ, ಬಾ!" ಎಂಬ ಕೂಗು ನಮ್ಮ ಗುಡಿಸಲಿನವರೆಗೂ ಕೇಳಿಸಿತು. ಅಪ್ಪ ಮಾತ್ರ ತಕ್ಷಣ ಹೋಗಲಿಲ್ಲ. ಸೊಂಟಕ್ಕೆ ಕೈಕೊಟ್ಟು, ತಾವು ಕಟ್ಟಿದ್ದನ್ನು ಒಂದು ಸುತ್ತು ನೋಡಿಕೊಂಡು, ಆಮೇಲೆ ಶೂ ಬಿಚ್ಚಿಟ್ಟು ಒಳಗೆ ಹೋದರು.

ಮರುದಿನ ಹೊರಡುವ ಮುಂಚೆ ಯೂನಾ ಒಬ್ಬಳೇ ನಮ್ಮ ಗುಡಿಸಲಿಗೆ ಓಡಿಬಂದಳು. ಅಪ್ಪ ಕಾರಿಗೆ ಸಾಮಾನು ತುಂಬುತ್ತಿದ್ದರು. ಅತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು.

"ಮುಂದಿನ ತಿಂಗಳೂ ಬರ್ತೀವಿ. ಆಗ್ಲೂ ಹೀಗೇ ಏನೂ ಮಾಡ್ದೆ ಇರ್ತೀರಾ, ಪ್ಲೀಸ್?"

ಇರುತ್ತೇನೆ ಅಂದೆ. ನೀವಾಗಿದ್ದರೆ ಇರುತ್ತಿದ್ದಿರಾ?